ಒಂದಾಣೆಯ ಮೇಲೆ ಓರೆ ಬೆಳಕು

ಕಳೆದ ಆಟಿ ತಿಂಗಳ ಒಂದು ಸೋಮವಾರ. ಹೊರಗೆ ಜಡಿಮಳೆ, ಒಳಗೆ ಕರೆಂಟಿಲ್ಲ. ಮಧ್ಯಾಹ್ನ ಊಟದ ಬೆಲ್ಲಿಗೆ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಸ್ಟಾಫ್ ರೂಮಿನ ಬಾಗಿಲಲ್ಲಿ ಬಂದು ನಿಂತಳು. ಕೈಯಲ್ಲಿ ಹಳೆಯ ಬಿಸ್ಕತ್ತಿನ ತಗಡಿನ ಡಬ್ಬ.

“ಸರ್, ಇದರ ಫೋಟೋ ತೆಗೆದರೆ ಎಲ್ಲ ಕಪ್ಪು ಬರ್ತದೆ.”

“ಎಂತದ್ದರ ಫೋಟೋ?”

ಡಬ್ಬದ ಮುಚ್ಚಳ ತೆಗೆದಳು. ಹಳೆಯ ನಾಣ್ಯಗಳು. ಅವಳ ಅಜ್ಜನದ್ದಂತೆ. ನಲವತ್ತು ವರ್ಷ ಬಸ್ ಸ್ಟ್ಯಾಂಡಿನ ಹತ್ತಿರ ಗೂಡಂಗಡಿ ಇಟ್ಟವರು. ಗಲ್ಲಾಪೆಟ್ಟಿಗೆಗೆ ಬಿದ್ದ, ಬೇರೆ ಯಾರೂ ತೆಗೆದುಕೊಳ್ಳದ ಚಿಲ್ಲರೆಯನ್ನೆಲ್ಲ ಈ ಡಬ್ಬಕ್ಕೆ ಹಾಕುತ್ತಾ ಬಂದಿದ್ದರು. ಎಣಿಸಿದರೆ 83. ಅಜ್ಜ ವಿಷುವಿಗೆ ಮುಂಚೆ ತೀರಿಕೊಂಡರು. ಬರುವ ಆದಿತ್ಯವಾರ ದೊಡ್ಡಪ್ಪ, ಅತ್ತೆಯಂದಿರು ಎಲ್ಲ ಸೇರಿ ಮನೆಯ ಸಾಮಾನು ಪಾಲು ಮಾಡುವವರಿದ್ದಾರೆ; ಡಬ್ಬವೂ ನಾಲ್ಕು ಪಾಲು. ಅದಕ್ಕೆ ಮೊದಲು ಒಂದೊಂದರದ್ದೂ ಫೋಟೋ ಬೇಕು ಎಂಬುದು ಅವಳ ಹಟ. ಅಮ್ಮನ ಮೊಬೈಲಿನಲ್ಲಿ ತೆಗೆದ ಚಿತ್ರಗಳನ್ನು ತೋರಿಸಿದಳು. ಕೆಲವು ಕಲ್ಲಿದ್ದಲಿನ ಬಿಲ್ಲೆಯಂತೆ ಕಪ್ಪು, ಕೆಲವುಗಳ ನಡುವೆ ಕಣ್ಣು ಕುಕ್ಕುವ ಒಂದು ಬಿಳಿ ಚುಕ್ಕೆ. ರಾಜನೂ ಇಲ್ಲ, ಇಸವಿಯೂ ಇಲ್ಲ.

ನಮ್ಮ ಶಾಲೆಗಳಲ್ಲಿ ಶಾಸ್ತ್ರೋತ್ಸವ ಬಂತೆಂದರೆ ನಾಣ್ಯ, ಅಂಚೆಚೀಟಿ, ಬೆಂಕಿಪೆಟ್ಟಿಗೆಯ ಚಿತ್ರ, ಕಪ್ಪೆಚಿಪ್ಪು, ಬೀಜಗಳ ಸಂಗ್ರಹ ಎಂದು ಮಕ್ಕಳು ಏನೇನೋ ತರುತ್ತಾರೆ. ಫೋಟೋ ತೆಗೆಯುವ ಕೆಲಸ ಕೊನೆಗೆ ವಿಜ್ಞಾನ ಮಾಸ್ಟ್ರ ತಲೆಗೇ ಬೀಳುತ್ತದೆ. ನಿಮಗೂ ಹಾಗೆಯೇ ಎಂದುಕೊಂಡು, ಆ ಆರು ದಿನಗಳಲ್ಲಿ ನಾವು ಮಾಡಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ದುಬಾರಿ ಕ್ಯಾಮೆರಾ ಬೇಡ, ಲೈಟ್ ಕಿಟ್ ಬೇಡ. ಮೊಬೈಲು, ಕಿಟಕಿ, ಪ್ರಯೋಗಾಲಯದ ಕಬ್ಬಿಣದ ಸ್ಟ್ಯಾಂಡು ಇದ್ದರೆ ಸಾಕು. ಜೊತೆಗೆ ನಾವೇ ಬೋರ್ಡಿನ ಮೇಲೆ ಬರೆದು ಬರೆದು ಬೇಸತ್ತ ಒಂದು ನಿಯಮ.

ಕಪ್ಪು ಯಾಕೆ ಬಂತು?

ಪತನ ಕೋನ ಮತ್ತು ಪ್ರತಿಫಲನ ಕೋನ ಸಮ. ಅಷ್ಟೇ ನಿಯಮ. ಮಕ್ಕಳು ಪರೀಕ್ಷೆಯಲ್ಲಿ ತಪ್ಪದೆ ಬರೆಯುತ್ತಾರೆ, ನಾವು ಮಾರ್ಕು ಹಾಕುತ್ತೇವೆ, ಆಮೇಲೆ ಇಬ್ಬರೂ ಮರೆಯುತ್ತೇವೆ.

ಬಿಳಿ ಕಾಗದದ ಮೇಲ್ಮೈ ಒರಟು. ಯಾವ ಕಡೆಯಿಂದ ಬೆಳಕು ಬಿದ್ದರೂ ಅದು ಎಲ್ಲ ಕಡೆಗೂ ಚದುರಿಸುತ್ತದೆ. ಹಾಗಾಗಿ ಮೊಬೈಲು ಎಲ್ಲಿದ್ದರೂ ಕಾಗದ ಬಿಳಿಯಾಗಿಯೇ ಕಾಣುತ್ತದೆ. ನಾಣ್ಯ ಹಾಗಲ್ಲ. ಅದು ಲೋಹ, ಅರೆಬರೆ ಕನ್ನಡಿ. ಕನ್ನಡಿಯನ್ನು ನೋಡುವಾಗ ನಮಗೆ ಕಾಣುವುದು ಕನ್ನಡಿಯಲ್ಲ, ಅದರೊಳಗಿನ ಬಿಂಬ. ಮೇಜಿನ ಮೇಲೆ ನಾಣ್ಯವನ್ನು ಮಲಗಿಸಿ, ನೇರ ಮೇಲಿನಿಂದ ಮೊಬೈಲು ಹಿಡಿದರೆ, ನಾಣ್ಯದ ಸಪಾಟು ಭಾಗದಲ್ಲಿ ಬಿಂಬವಾಗಿ ಬರುವುದು ಏನು? ಮೊಬೈಲಿನ ಕಪ್ಪು ಬೆನ್ನು, ಅದರ ಹಿಂದೆ ಇರುವ ನಮ್ಮ ತಲೆ. ನಾಣ್ಯ ಕಪ್ಪಾಗಿದ್ದಲ್ಲ ಮಾರಾಯ್ರೆ, ನಾಣ್ಯ ನಮ್ಮನ್ನೇ ತೋರಿಸಿದ್ದು. ಫ್ಲಾಶ್ ಹಾಕಿದರೆ ಇನ್ನೂ ಕಷ್ಟ. ಮಸೂರದ ಪಕ್ಕದಲ್ಲೇ ಇರುವ ಆ ಪುಟ್ಟ ದೀಪದ ಬಿಂಬವೇ ನಡುವಿನ ಬಿಳಿ ಚುಕ್ಕೆ. ಮೊದಲ ಪಾಠ: ಫ್ಲಾಶ್ ಆರಿಸಿ, ಮರೆತುಬಿಡಿ.

ಹಾಗಾದರೆ ಹೊಳೆಯುವ ವಸ್ತುವಿನ ಫೋಟೋ ತೆಗೆಯುವವನು ಕೇಳಬೇಕಾದ ಪ್ರಶ್ನೆ “ವಸ್ತುವಿನ ಮೇಲೆ ಎಷ್ಟು ಬೆಳಕು ಬೀಳುತ್ತದೆ” ಎಂದಲ್ಲ. “ವಸ್ತುವಿನಲ್ಲಿ ಯಾವುದರ ಬಿಂಬ ಕಾಣುತ್ತದೆ” ಎಂದು. ಇದನ್ನು ಮಕ್ಕಳಿಗೆ ತೋರಿಸಲು ನಾನು ನಾಣ್ಯದ ಜಾಗದಲ್ಲಿ ಒಂದು ಚಿಕ್ಕ ಕನ್ನಡಿ ಚೂರನ್ನೇ ಇಟ್ಟೆ. ಮೊಬೈಲಿನ ಪರದೆಯಲ್ಲಿ ಕನ್ನಡಿಯೊಳಗೆ ಏನು ಕಾಣುತ್ತದೋ, ಅಲ್ಲಿ ಬಿಳಿ ಥರ್ಮಕೋಲ್ ಬರುವಂತೆ ಮಾಡಿ ಎಂದೆ. ಎರಡು ನಿಮಿಷದಲ್ಲಿ ಅವರೇ ಥರ್ಮಕೋಲನ್ನು ಸರಿಯಾದ ಓರೆಯಲ್ಲಿ ಹಿಡಿದರು. ಆಮೇಲೆ ಕನ್ನಡಿ ತೆಗೆದು ನಾಣ್ಯ ಇಟ್ಟರೆ ಆಯಿತು. ಮೊಬೈಲನ್ನು ಮಾತ್ರ ನೇರ ಮೇಲಿನಿಂದ ಸ್ವಲ್ಪ ವಾಲಿಸಬೇಕು.

ಮೋಡ ಎಂಬ ದೊಡ್ಡ ದೀಪ

ಮಳೆಗಾಲದಲ್ಲಿ ಬೆಳಕಿಲ್ಲ, ಫೋಟೋ ಬರುವುದಿಲ್ಲ ಎಂದು ನಾವು ದೂರುತ್ತೇವೆ. ಚಿಕ್ಕ ವಸ್ತುಗಳ ಮಟ್ಟಿಗೆ ಇದು ತಿರುವುಮುರುವು. ಬಿಸಿಲು ಎಂದರೆ ದೂರದ ಒಂದು ಚಿಕ್ಕ ಬಿಲ್ಲೆಯಿಂದ ಬರುವ ಬೆಳಕು; ಆಕಾಶದಲ್ಲಿ ಸೂರ್ಯನ ಅಗಲ ಬರೇ ಅರ್ಧ ಡಿಗ್ರಿ. ಆದ್ದರಿಂದ ನೆರಳಿನ ಅಂಚು ಕತ್ತಿಯ ಅಲಗಿನ ಹಾಗೆ, ಹೊಳಪು ಚುಕ್ಕೆಚುಕ್ಕೆ. ಮೋಡ ಕವಿದರೆ ಅದೇ ಬೆಳಕು ಇಡೀ ಆಕಾಶದಿಂದ ಬರುತ್ತದೆ. ನೆರಳು ಮೆತ್ತಗಾಗುತ್ತದೆ, ಹೊಳಪು ಹರಡಿಕೊಳ್ಳುತ್ತದೆ.

ಇಲ್ಲಿ ಮುಖ್ಯವಾದದ್ದು ದೀಪದ ಗಾತ್ರ. ಅದೂ ವಸ್ತುವಿಗೆ ಹೋಲಿಸಿದ ಗಾತ್ರ. ಒಬ್ಬ ಮನುಷ್ಯನ ಫೋಟೋ ತೆಗೆಯುವವನಿಗೆ ಮೂರಡಿ ಕಿಟಕಿ ಸಾಧಾರಣ ದೀಪ. ಎರಡು ಸೆಂಟಿಮೀಟರಿನ ನಾಣ್ಯಕ್ಕೆ ಅದೇ ಕಿಟಕಿ ಒಂದು ಆಕಾಶ. ಚಿಕ್ಕ ವಸ್ತುಗಳ ಫೋಟೋಗ್ರಫಿಯಲ್ಲಿ ಬಡವನಿಗೂ ಶ್ರೀಮಂತ ಸ್ಟುಡಿಯೋ ಸಿಗುವುದು ಈ ಕಾರಣಕ್ಕೆ.

ಬಿಸಿಲು ನೇರ ಬೀಳುವ ಕಿಟಕಿಯಾದರೆ ಒಂದು ಬಿಳಿ ಪಂಚೆಯನ್ನು ಅಡ್ಡ ಕಟ್ಟಿ. ಕರೆ ಇಲ್ಲದ ಭಾಗ ಬರಲಿ. ಬಣ್ಣದ ಕರೆ ಇದ್ದರೆ ನಾಣ್ಯಕ್ಕೂ ಅದೇ ಬಣ್ಣ. ನಾನು ಮೊದಲ ದಿನ ಗಡಿಬಿಡಿಯಲ್ಲಿ ತಿಳಿ ನೀಲಿ ಬೈರಾಸು ಕಟ್ಟಿದ್ದೆ. ಹಿತ್ತಾಳೆಯೆಲ್ಲ ಹಸಿರಾಗಿ, ಮಕ್ಕಳು ನಕ್ಕರು. ಟ್ರೇಸಿಂಗ್ ಪೇಪರ್ ಆದರೂ ನಡೆಯುತ್ತದೆ.

ಕಿಟಕಿ ಎಡಕ್ಕೆ ಬರುವಂತೆ ಮೇಜು ಹಾಕಿ, ಬಲಗಡೆಗೆ ಥರ್ಮಕೋಲಿನ ತುಂಡು ನಿಲ್ಲಿಸಿ. ಅದು ಕಿಟಕಿಯ ಬೆಳಕನ್ನು ಹಿಂದಕ್ಕೆ ಎಸೆದು ನೆರಳಿನ ಬದಿಯನ್ನು ತುಂಬುತ್ತದೆ. ನೆರಳು ಇನ್ನೂ ಗಾಢ ಬೇಕೆಂದರೆ ಥರ್ಮಕೋಲ್ ತೆಗೆದು ಕಪ್ಪು ಚಾರ್ಟ್ ನಿಲ್ಲಿಸಿ. ಬೆಳಕನ್ನು ಕಡಿಮೆ ಮಾಡುವುದೂ ಬೆಳಕು ಹಾಕುವ ಕೆಲಸವೇ ಎಂದು ಒಪ್ಪಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು.

ಕಿಟಕಿ ಬೆಳಕಿನ ಜೊತೆಗೆ ಟ್ಯೂಬ್‌ಲೈಟ್, ಬಲ್ಬು ಸೇರಿಸಬೇಡಿ. ಎರಡರ ಬಿಳುಪು ಬೇರೆ ಬೇರೆ. ಮೊಬೈಲು ಒಂದನ್ನು ಬಿಳಿ ಎಂದು ಹಿಡಿದರೆ ಇನ್ನೊಂದು ಹಳದಿಯಾಗಿಯೋ ನೀಲಿಯಾಗಿಯೋ ಉಳಿಯುತ್ತದೆ. ಕರೆಂಟು ಹೋದದ್ದು ಆ ದಿನ ನಮಗೆ ಉಪಕಾರವೇ ಆಯಿತು. ರಾತ್ರಿ ಮನೆಯಲ್ಲಿ ತೆಗೆಯುವುದಾದರೆ ಒಂದೇ ಜಾತಿಯ ದೀಪ ಇರಲಿ. ಅಗ್ಗದ ಎಲ್‌ಇಡಿ ಬಲ್ಬು ಸೆಕೆಂಡಿಗೆ 100 ಸಲ ಮಿನುಗುತ್ತದೆ. ನಮ್ಮ ಕರೆಂಟು 50 ಹರ್ಟ್ಸ್, ಒಂದು ಆವರ್ತಕ್ಕೆ ಎರಡು ಮಿನುಗು. ಕಣ್ಣಿಗೆ ಗೊತ್ತಾಗದಿದ್ದರೂ ಮೊಬೈಲಿನ ಪರದೆಯಲ್ಲಿ ಅಡ್ಡ ಪಟ್ಟೆಗಳಾಗಿ ತೆವಳುತ್ತದೆ. ಬ್ಯಾಟರಿ ಟಾರ್ಚಿನಲ್ಲಿ ಸಾಮಾನ್ಯವಾಗಿ ಈ ತಕರಾರು ಇಲ್ಲ.

ಟಾರ್ಚು ಬಳಸುವಾಗ ದೂರದ ಲೆಕ್ಕ ಒಂದು ಬರುತ್ತದೆ, ತರಗತಿಯಲ್ಲಿ ಮಾಡಿಸಲು ಬಹಳ ಒಳ್ಳೆಯದು. ಐದು ಸೆಂಟಿಮೀಟರ್ ಉದ್ದದ ಆಟಿಕೆ ಕಾರು. ಟಾರ್ಚು ಅದರ ಮೂತಿಯಿಂದ 15 ಸೆಂಟಿಮೀಟರ್ ದೂರ. ಹಿಂಭಾಗಕ್ಕೆ 20 ಸೆಂಟಿಮೀಟರ್. ವಿಲೋಮ ವರ್ಗ ನಿಯಮದ ಪ್ರಕಾರ ಮೂತಿಯ ಬೆಳಕು ಹಿಂಭಾಗದ್ದಕ್ಕಿಂತ 400 ಭಾಗಿಸು 225, ಅಂದರೆ 1.8ರಷ್ಟು ಪಟ್ಟು. ಟಾರ್ಚನ್ನು 60 ಸೆಂಟಿಮೀಟರಿಗೆ ಒಯ್ಯಿರಿ. ಈಗ 65ರ ವರ್ಗ ಭಾಗಿಸು 60ರ ವರ್ಗ, 1.17 ಪಟ್ಟು ಮಾತ್ರ. ಹತ್ತಿರದ ದೀಪ ಮೂತಿಯನ್ನು ಸುಟ್ಟು ಬಾಲವನ್ನು ಕತ್ತಲಲ್ಲಿ ಬಿಡುತ್ತದೆ. ದೂರದ್ದು ಎರಡನ್ನೂ ಸಮ ನೋಡುತ್ತದೆ, ಆದರೆ ಒಟ್ಟು ಬೆಳಕು ಹದಿನಾರರಲ್ಲಿ ಒಂದು ಪಾಲಿಗೆ ಇಳಿಯುತ್ತದೆ.

ಸವೆದ ನಾಣ್ಯ, ಓರೆ ಬೆಳಕು

ಬುಧವಾರದ ಹೊತ್ತಿಗೆ ಐವತ್ತರಷ್ಟು ನಾಣ್ಯ ಮುಗಿದಿತ್ತು. ಅಲ್ಯೂಮಿನಿಯಂನ ಚೌಕ ಒಂದು ಪೈಸೆ, ಆರು ಮೂಲೆಯ ಮೂರು ಪೈಸೆ, ಅಲೆಯಲೆ ಅಂಚಿನ ಹತ್ತು ಪೈಸೆ ಇವೆಲ್ಲ ಸುಲಭ. ಅಲ್ಯೂಮಿನಿಯಂ ಬಿಳಿ ಹಿನ್ನೆಲೆಯಲ್ಲಿ ಕರಗಿಹೋಗುತ್ತದೆ, ಕಡುನೀಲಿ ಅಥವಾ ಕಪ್ಪು ಚಾರ್ಟ್ ಹಾಕಿದರೆ ಎದ್ದು ಕಾಣುತ್ತದೆ ಎಂಬುದಷ್ಟೇ ಅಲ್ಲಿಯ ಗುಟ್ಟು. ತಾವರೆಯ ಚಿತ್ರದ ಹಿತ್ತಾಳೆ ಬಣ್ಣದ ಇಪ್ಪತ್ತು ಪೈಸೆ ನಾಲ್ಕಿದ್ದವು. 1943ರಿಂದ 1947ರ ತನಕ ಟಂಕಿಸಿದ ನಡುವೆ ತೂತಿನ ಕಾಸು, ನಮ್ಮ ಕಡೆಯ ಒಟ್ಟೆ ಮುಕ್ಕಾಲು, ಹನ್ನೊಂದು. ಯುದ್ಧಕಾಲದಲ್ಲಿ ತಾಮ್ರ ಉಳಿಸಲು ನಡುವಿನ ಲೋಹವನ್ನೇ ತೆಗೆದ ನಾಣ್ಯ ಅದು.

ಉಳಿದವು ಸವೆದವು. ಅಂಗಡಿಯಿಂದ ಅಂಗಡಿಗೆ, ಸೊಂಟದ ಪಟ್ಟಿಯಿಂದ ಗಲ್ಲಾಪೆಟ್ಟಿಗೆಗೆ ಉಜ್ಜಿ ಉಜ್ಜಿ ನುಣ್ಣಗಾದ ಬಿಲ್ಲೆಗಳು. ಕಿಟಕಿಯ ಮೆತ್ತನೆಯ ಬೆಳಕು ಇಲ್ಲಿ ಸೋಲುತ್ತದೆ. ಎಲ್ಲ ಕಡೆಯಿಂದ ಬೆಳಕು ಬಂದರೆ ನೆರಳೇ ಬೀಳುವುದಿಲ್ಲ. ನೆರಳಿಲ್ಲದಿದ್ದರೆ ಉಬ್ಬು ತಗ್ಗು ಗೊತ್ತಾಗುವುದಿಲ್ಲ.

ಇಲ್ಲಿ ಒಂದು ಹಳೆಯ ತಪ್ಪನ್ನು ಒಪ್ಪಿಕೊಳ್ಳಬೇಕು. ಕೆಲಸಕ್ಕೆ ಸೇರಿದ ಹೊಸತರಲ್ಲಿ ನನ್ನ ಪರಿಹಾರ ಬೇರೆಯೇ ಇತ್ತು. ಪ್ರದರ್ಶನಕ್ಕೆ ಮಕ್ಕಳು ತಂದ ತಾಮ್ರದ ನಾಣ್ಯಗಳನ್ನು “ಹುಣಸೆಹುಳಿ ಹಾಕಿ ತಿಕ್ಕಿ, ಫಳಫಳ ಆಗ್ತದೆ” ಎಂದು ನಾನೇ ಹೇಳಿದ್ದೆ. ಹುಳಿಯ ಆಮ್ಲ ತಾಮ್ರದ ಮೇಲಿನ ಕಂದು ಆಕ್ಸೈಡ್ ಪದರವನ್ನು ಕರಗಿಸುತ್ತದೆ ಎಂದು ಪಾಠವನ್ನೂ ಸೇರಿಸಿದ್ದೆ. ನಾಣ್ಯಗಳು ಹೊಸ ಚೆಂಬಿನಂತೆ ಕೆಂಪಗಾದವು. ನೋಡಲು ಬಂದ ಹಿರಿಯ ಸಂಗ್ರಾಹಕರೊಬ್ಬರು ಒಂದನ್ನು ಎತ್ತಿ, ತಿರುಗಿಸಿ, ಏನೂ ಹೇಳದೆ ಕೆಳಗಿಟ್ಟರು. ಹೊರಗೆ ಬಂದ ಮೇಲೆ ನನ್ನನ್ನು ಕರೆದು, ನೂರು ವರ್ಷದಲ್ಲಿ ಕೂತ ಬಣ್ಣ ಅದು, ಆ ಪದರವೇ ಒಳಗಿನ ತಾಮ್ರವನ್ನು ಕಾಯುತ್ತಿತ್ತು, ಇನ್ನು ಅದು ಮರಳಿ ಬರುವುದಿಲ್ಲ ಎಂದರು. ಸವೆದ ಅಕ್ಷರಗಳು ತಿಕ್ಕಿದ್ದರಿಂದ ಇನ್ನಷ್ಟು ಸವೆದಿದ್ದವು. ಕೆಲವು ತಿಂಗಳಲ್ಲಿ ಅವು ಮತ್ತೆ ಕಪ್ಪಾದವು, ಆದರೆ ಕಲೆಕಲೆಯಾಗಿ. ಆ ನಾಣ್ಯಗಳು ನನ್ನವಲ್ಲ, ಮಕ್ಕಳ ಮನೆಯವು. ಈಗಲೂ ಯಾರಾದರೂ ಹುಣಸೆಹುಳಿ, ಲಿಂಬೆ, ಪೀತಾಂಬರಿ ಎಂದರೆ ನಾನು ಬೇಡ ಎನ್ನುತ್ತೇನೆ. ಮೆತ್ತನೆಯ ಬ್ರಶ್ಶಿನಿಂದ ಧೂಳು ಹಾರಿಸಿ, ಅಂಚಿನಲ್ಲಿ ಹಿಡಿಯಿರಿ. ಅಕ್ಷರ ಕಾಣಿಸುವ ಕೆಲಸವನ್ನು ಬೆಳಕಿಗೆ ಬಿಡಿ.

ಹೇಗೆ? ಕಿಟಕಿ ಮುಚ್ಚಿ, ಒಂದೇ ಒಂದು ಟಾರ್ಚನ್ನು ಮೇಜಿನ ಮಟ್ಟಕ್ಕೆ ಇಳಿಸಿ, ಬೆಳಕು ನಾಣ್ಯದ ಮೇಲೆ ತೆವಳಿಕೊಂಡು ಹೋಗುವಂತೆ ಹಿಡಿಯಿರಿ. ಸಂಜೆ ಹೊತ್ತಿಗೆ ಗದ್ದೆಯ ಹುಣಿಯ ನೆರಳು ಎಷ್ಟು ಉದ್ದ ಬೀಳುತ್ತದೆ ನೋಡಿದ್ದೀರಲ್ಲ, ಅದೇ ಇದು. ಸವೆದ ಅಕ್ಷರದ ಎತ್ತರ ಮಿಲಿಮೀಟರಿನ ಇಪ್ಪತ್ತನೆಯ ಒಂದು ಭಾಗ, 0.05 ಮಿಲಿಮೀಟರ್ ಎಂದಿಟ್ಟುಕೊಳ್ಳಿ. ಬೆಳಕು 45 ಡಿಗ್ರಿಯಲ್ಲಿ ಬಿದ್ದರೆ ನೆರಳಿನ ಉದ್ದವೂ 0.05. ಬೆಳಕನ್ನು 10 ಡಿಗ್ರಿಗೆ ಇಳಿಸಿದರೆ? 10 ಡಿಗ್ರಿಯ ಟ್ಯಾಂಜೆಂಟ್ 0.176. ಭಾಗಿಸಿದರೆ 0.28 ಮಿಲಿಮೀಟರ್. ಅದೇ ಅಕ್ಷರ, ಐದೂವರೆ ಪಟ್ಟಿಗಿಂತ ಉದ್ದದ ನೆರಳು. ಹತ್ತನೆಯ ತರಗತಿಯ ಗಣಿತ ಟೀಚರಿಗೆ ಈ ಲೆಕ್ಕ ಕೊಟ್ಟೆ. ತ್ರಿಕೋನಮಿತಿಗೆ ಎಲ್ಲರೂ ದೀಪಸ್ತಂಭದ ಲೆಕ್ಕವನ್ನೇ ಕೊಡುತ್ತಾರೆ, ಇದು ಪರವಾಗಿಲ್ಲ ಎಂದರು.

ಒಂದು ಎಚ್ಚರ. ಟಾರ್ಚು ಚಿತ್ರದ ಮೇಲ್ಭಾಗದಿಂದ ಬರಲಿ, ಗಡಿಯಾರದ ಹತ್ತು ಹನ್ನೊಂದರ ದಿಕ್ಕಿನಿಂದ. ಬೆಳಕು ಯಾವಾಗಲೂ ಮೇಲಿನಿಂದ ಬರುತ್ತದೆ ಎಂದು ನಮ್ಮ ಮೆದುಳು ನಂಬಿಕೊಂಡಿದೆ. ಕೆಳಗಿನಿಂದ ಹಾಕಿದರೆ ಉಬ್ಬು ತಗ್ಗಾಗಿ ಕಾಣುತ್ತದೆ, ಜಾರ್ಜ್ ಚಕ್ರವರ್ತಿಯ ಮೂಗು ಹೊಂಡವಾಗುತ್ತದೆ. ನಂಬಿಕೆ ಬಾರದಿದ್ದರೆ ಚಿತ್ರವನ್ನು ತಲೆಕೆಳಗೆ ಮಾಡಿ ನೋಡಿ.

ಆ ಬುಧವಾರ ಸಂಜೆ ಹುಡುಗಿ ಟಾರ್ಚು ಹಿಡಿದಿದ್ದಳು, ನಾನು ಮೊಬೈಲು. ನಿಕ್ಕಲ್ ಬಣ್ಣದ, ಅಂಚು ಅಲೆಯಲೆಯಾಗಿರುವ ಒಂದು ನಾಣ್ಯ. ನೇರ ನೋಡಿದರೆ ಬರಿಯ ಬಿಲ್ಲೆ. ಅವಳು ಟಾರ್ಚನ್ನು ನಿಧಾನ ತಿರುಗಿಸುತ್ತಾ ಬಂದಳು. ಪರದೆಯ ಮೇಲೆ ಮೊದಲು ಒಂದು 1 ಎದ್ದಿತು. ಆಮೇಲೆ ಅದರ ಪಕ್ಕ ದುಂಡು ದುಂಡಗೆ ಏನೋ.

“ಸರ್! ಕನ್ನಡ ಉಂಟು ಸರ್ ಇದರಲ್ಲಿ!”

ನಾನೂ ಬಗ್ಗಿ ನೋಡಿದೆ. ಅವಳು ಬೆರಳಿಟ್ಟು ಓದಿದಳು: ಒ, ಕ. ಒಕ. ಮುಂದೆ ಅ, ಣಾ. ಒಕ ಅಣಾ. “ಒಂದು ಆಣೆ ಅಂತ ಬರೆಯುವಾಗ ತಪ್ಪಿದ್ದಾರಾ ಸರ್?”

ತಪ್ಪಿಲ್ಲ, ಅದು ತೆಲುಗು. ಬ್ರಿಟಿಷ್ ಇಂಡಿಯಾದ ಒಂದಾಣೆಯ ನಿಕ್ಕಲ್ ನಾಣ್ಯದಲ್ಲಿ ಬೆಲೆಯನ್ನು ಇಂಗ್ಲಿಷಿನ ಜೊತೆಗೆ ಉರ್ದು, ಬಂಗಾಳಿ, ತೆಲುಗು, ನಾಗರಿ ಲಿಪಿಗಳಲ್ಲಿ ಬರೆದಿರುತ್ತಿದ್ದರು. ಕನ್ನಡ ಇರಲಿಲ್ಲ, ಮಲಯಾಳವೂ ಇರಲಿಲ್ಲ. ಆದರೆ ತೆಲುಗೂ ಕನ್ನಡವೂ ಒಂದೇ ತಾಯಿಬೇರಿನ ಲಿಪಿಗಳು. ಕಾಸರಗೋಡಿನ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ತೆಲುಗು ಕಲಿಯದೆಯೇ ಅದನ್ನು ಓದಿಬಿಟ್ಟಳು. ಆದೋನಿ, ರಾಯದುರ್ಗದ ಕಡೆಯ ನಮ್ಮ ಸಹೋದ್ಯೋಗಿಗಳಿಗೆ ಇದು ಹೊಸತಲ್ಲ, ಅವರು ದಿನಾ ಬಸ್ಸಿನ ಬೋರ್ಡಿನಲ್ಲಿ ಓದುತ್ತಾರೆ. ನಮಗೆ ಅದು ಹೊಸತು. ಅವಳ ಮುಖ ಸ್ವಲ್ಪ ಸಣ್ಣದಾದದ್ದೂ ನಿಜ. ಕನ್ನಡದ ನಾಣ್ಯ ಇಲ್ಲವೇ ಇಲ್ಲವಾ ಎಂದಳು. ಇದೆ, ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ ತಾಮ್ರದ ಕಾಸಿನಲ್ಲಿ ಕನ್ನಡದಲ್ಲೇ ‘ಮಯಿಲಿ ಕಾಸು’ ಎಂದಿರುತ್ತದೆ ಎಂದೆ. ಕೂಡಲೇ ಡಬ್ಬಕ್ಕೆ ಕೈ ಹಾಕಿ, ಒಂದು ಮಗ್ಗುಲಲ್ಲಿ ಆನೆ ಇರುವ ದಪ್ಪ ತಾಮ್ರದ ತುಂಡೊಂದನ್ನು ತೆಗೆದಳು. ಆನೆ ಒಡೆಯರ ಕಾಸಿನಲ್ಲೂ ಇದೆ, ಟಿಪ್ಪುವಿನ ಕಾಸಿನಲ್ಲೂ ಇದೆ. ಬೇಕಲ ಕೋಟೆ ಟಿಪ್ಪುವಿನ ಕೈಯಲ್ಲಿದ್ದದ್ದು, ಆದ್ದರಿಂದ ಈ ಕಡೆ ಯಾವುದೂ ಇರಬಹುದು. ಹಿಂದಿನ ಮಗ್ಗುಲು ನೋಡಿದರೆ ಗೊತ್ತಾಗುತ್ತದೆ. ಟಾರ್ಚನ್ನು ಮುನ್ನೂರ ಅರುವತ್ತು ಡಿಗ್ರಿ ತಿರುಗಿಸಿದೆವು, ಐದು ಡಿಗ್ರಿಯ ತನಕ ಇಳಿಸಿದೆವು. ಏನೂ ಏಳಲಿಲ್ಲ. ಬೆಳಕು ಇರುವುದನ್ನು ತೋರಿಸಬಹುದು, ಪೂರ್ತಿ ಸವೆದು ಹೋದದ್ದನ್ನು ಅಲ್ಲ. ಪಟ್ಟಿಯಲ್ಲಿ ‘ಆನೆ ಕಾಸು’ ಎಂದಷ್ಟೇ ಬರೆದೆವು.

ನ್ಯೂಟನ್ ಉಂಗುರದ ಗಾಜು

ಹೊಳಪು ಮಾಸದ ಕೆಲವು ಹೊಸ ನಾಣ್ಯಗಳು ಉಳಿದವು. ಬ್ಯಾಂಕಿನಿಂದ ತಂದು ಕೈ ಮುಟ್ಟದೆ ಇಟ್ಟವು. ಇವು ಪೂರ್ತಿ ಕನ್ನಡಿ. ನೇರ ಮೇಲಿನಿಂದ, ದುಂಡಗಿನ ನಾಣ್ಯ ದುಂಡಗೇ ಬರುವಂತೆ ತೆಗೆಯಬೇಕು, ಆದರೆ ಮೊಬೈಲಿನ ಬಿಂಬ ಬೀಳಬಾರದು. ಅಂದರೆ ಬೆಳಕು ಮೊಬೈಲು ಇರುವ ಜಾಗದಿಂದಲೇ ಬರಬೇಕು. ಅದು ಹೇಗೆ ಸಾಧ್ಯ?

ಬಿಎಸ್ಸಿ ಪ್ರಾಕ್ಟಿಕಲ್ಲಿನಲ್ಲಿ ನ್ಯೂಟನ್ ಉಂಗುರದ ಪ್ರಯೋಗ ಮಾಡಿದವರಿಗೆ ಉತ್ತರ ಗೊತ್ತು. ಸೋಡಿಯಂ ದೀಪ ಪಕ್ಕದಲ್ಲಿ, ಸೂಕ್ಷ್ಮದರ್ಶಕ ಮೇಲೆ, ನಡುವೆ 45 ಡಿಗ್ರಿ ವಾಲಿಸಿದ ಗಾಜಿನ ಹಲಗೆ. ದೀಪದ ಬೆಳಕು ಗಾಜಿನಲ್ಲಿ ಪ್ರತಿಫಲಿಸಿ ನೇರ ಕೆಳಗೆ ಇಳಿಯುತ್ತದೆ, ಹಿಂದಿರುಗುವಾಗ ಗಾಜನ್ನು ದಾಟಿ ಕಣ್ಣಿಗೆ ಬರುತ್ತದೆ. ನಾವು ಮಾಡಿದ್ದೂ ಅದೇ. ಫೋಟೋ ಫ್ರೇಮಿನಿಂದ ತೆಗೆದ ಗಾಜು, ಕಬ್ಬಿಣದ ಸ್ಟ್ಯಾಂಡಿನ ಕ್ಲಾಂಪಿಗೆ ಬಟ್ಟೆ ಸುತ್ತಿ ಹಿಡಿಸಿದ್ದು. ಎಡಗಡೆಯಿಂದ ಟ್ರೇಸಿಂಗ್ ಪೇಪರ್ ಮುಚ್ಚಿದ ಟಾರ್ಚು. ಗಾಜಿನ ಅಂಚಿಗೆ ಟೇಪು ಸುತ್ತಲು ಮರೆಯಬೇಡಿ, ಮಕ್ಕಳ ಬೆರಳು.

45 ಡಿಗ್ರಿಯಲ್ಲಿ ಗಾಜಿನ ಒಂದೊಂದು ಮೈ ಸುಮಾರು ನೂರಕ್ಕೆ ಐದು ಪಾಲು ಬೆಳಕನ್ನು ಪ್ರತಿಫಲಿಸುತ್ತದೆ. ಎರಡು ಮೈ ಸೇರಿ ಹತ್ತರ ಹತ್ತಿರ. ಉಳಿದ ತೊಂಬತ್ತು ಗಾಜನ್ನು ದಾಟಿ ಬಲಗಡೆಯ ಗೋಡೆಗೆ ಹೋಗುತ್ತದೆ. ಗೋಡೆ ಬಿಳಿಯಾಗಿದ್ದರೆ ಆ ಬೆಳಕು ಹಿಂದೆ ಬಂದು, ಗಾಜಿನ ಮೇಲ್ಮೈಯಲ್ಲಿ ಬಡಿದು ನೇರ ಮೊಬೈಲಿಗೆ ಏರುತ್ತದೆ. ಚಿತ್ರದ ತುಂಬ ಮಂಜು. ನಮಗೆ ಮೊದಲು ಹಾಗೆಯೇ ಆಯಿತು, ಅರ್ಧ ಗಂಟೆ ಕಾರಣ ಹೊಳೆಯಲಿಲ್ಲ. ಎಂಟನೆಯ ತರಗತಿಯ ಪುಟ್ಟ ಹುಡುಗನೊಬ್ಬ ಸುಮ್ಮನೆ ನೋಡುತ್ತಾ ಬಲಗಡೆ ಬಂದು ನಿಂತ. ಅವನ ಕಡುಬಣ್ಣದ ಚಡ್ಡಿ ಅಡ್ಡ ಬಂದದ್ದೇ, ಮಂಜು ಹೋಯಿತು! ಅಲ್ಲಿ ಕಪ್ಪು ಚಾರ್ಟ್ ನಿಲ್ಲಿಸಿದೆವು. ಪರದೆಯಲ್ಲಿ ನಾಣ್ಯದ ಸಪಾಟು ಭಾಗ ಬೆಳ್ಳಿಯಂತೆ ಬೆಳಗಿ, ಅಕ್ಷರಗಳ ಓರೆ ಮಾತ್ರ ಕಪ್ಪು ಗೆರೆಯಾಗಿ ನಿಂತಿತು. ಬೆಳಕು ಹತ್ತರಲ್ಲೊಂದು ಪಾಲಾದ್ದರಿಂದ ಮೊಬೈಲು ಅಲುಗಬಾರದು. ಅದನ್ನೂ ಸ್ಟ್ಯಾಂಡಿಗೆ ಕಟ್ಟಿ, ಮೂರು ಸೆಕೆಂಡಿನ ಟೈಮರ್ ಹಾಕಿ.

ಬೇರೆ ವಸ್ತುಗಳ ಬಗ್ಗೆ ಎರಡು ಮಾತು. ಗಾಜಿನ ಗೋಲಿಗೆ ಮುಂದಿನಿಂದ ಬೆಳಕು ಹಾಕಿ ಫಲವಿಲ್ಲ. ಹಿಂದೆ ಬಿಳಿ ಕಾಗದವನ್ನು ಬೆಳಗಿಸಿ, ಅದರ ಎರಡೂ ಬದಿಗೆ ಕಪ್ಪು ಚಾರ್ಟ್ ಇಡಿ. ಗೋಲಿಯ ಅಂಚು ಕಪ್ಪು ಗೆರೆಯಾಗಿ ಬರುತ್ತದೆ. ಗೋಲಿ ತಾನೇ ಒಂದು ಮಸೂರ, ಹಿಂದಿನದ್ದನ್ನು ತಲೆಕೆಳಗೆ ತೋರಿಸುವುದನ್ನು ಮಕ್ಕಳು ತಾವೇ ಕಂಡುಹಿಡಿಯುತ್ತಾರೆ. ಬೆಂಕಿಪೆಟ್ಟಿಗೆಯ ಚಿತ್ರ, ಅಂಚೆಚೀಟಿಗಳಿಗೆ ಎರಡು ಬದಿಯಿಂದ 45 ಡಿಗ್ರಿಯಲ್ಲಿ ಸಮ ಬೆಳಕು ಸಾಕು.

ಮೊಬೈಲಿನ ಹಟಗಳು

ಮೊಬೈಲು ಕಂಡದ್ದನ್ನೆಲ್ಲ ನಡುಬೂದು ಮಾಡಲು ನೋಡುತ್ತದೆ. ಬಿಳಿ ಚಾರ್ಟಿನ ಮೇಲೆ ಚಿಕ್ಕ ನಾಣ್ಯ ಇಟ್ಟರೆ ಚಾರ್ಟ್ ಬೂದಿಯಾಗಿ ನಾಣ್ಯ ಕಪ್ಪಾಗುತ್ತದೆ. ಕಪ್ಪು ಚಾರ್ಟಿನ ಮೇಲೆ ಇಟ್ಟರೆ ನಾಣ್ಯ ಬೆಂದುಹೋಗುತ್ತದೆ. ನಾಣ್ಯದ ಮೇಲೆ ಬೆರಳಿಟ್ಟು ಒತ್ತಿ ಹಿಡಿದರೆ ಫೋಕಸ್ಸೂ ಬೆಳಕೂ ಅಲ್ಲೇ ನಿಲ್ಲುತ್ತವೆ. ಪಕ್ಕದಲ್ಲಿ ಬರುವ ಸೂರ್ಯನ ಗುರುತನ್ನು ಬಿಳಿ ಹಿನ್ನೆಲೆಗೆ ಮೇಲಕ್ಕೆ, ಕಪ್ಪು ಹಿನ್ನೆಲೆಗೆ ಕೆಳಕ್ಕೆ ಎಳೆಯಿರಿ.

ತೀರ ಹತ್ತಿರ ಒಯ್ದರೆ ಫೋಕಸ್ ಆಗುವುದಿಲ್ಲ, ಮೊಬೈಲಿನದ್ದೇ ನೆರಳೂ ಬೀಳುತ್ತದೆ. ಪ್ರಯೋಗಾಲಯದಲ್ಲಿ 10 ಸೆಂಟಿಮೀಟರ್ ಸಂಗಮ ದೂರದ ಪೀನ ಮಸೂರ ಇರುತ್ತದಲ್ಲ, ಅದನ್ನು ಮೊಬೈಲಿನ ಮಸೂರಕ್ಕೆ ತಾಗಿಸಿದಂತೆ ಹಿಡಿದು ನಾಣ್ಯವನ್ನು 10 ಸೆಂಟಿಮೀಟರ್ ದೂರದಲ್ಲಿಡಿ. ಸಂಗಮ ಬಿಂದುವಿನಿಂದ ಹೊರಟ ಕಿರಣಗಳು ಸಮಾಂತರವಾಗಿ ಮೊಬೈಲಿಗೆ ಹೋಗುತ್ತವೆ. ಅದಕ್ಕೆ ನಾಣ್ಯ ಅನಂತ ದೂರದಲ್ಲಿ ಇದ್ದ ಹಾಗೆ, ಸುಲಭವಾಗಿ ಫೋಕಸ್ ಆಗುತ್ತದೆ. ನಾಣ್ಯವನ್ನು ಚಾರ್ಟಿನ ಮೇಲೆ ನೇರ ಇಡದೆ ರಬ್ಬರಿನ ತುಂಡಿನ ಮೇಲೆ ಎತ್ತಿ ಇಟ್ಟರೆ ನೆರಳು ಚಿತ್ರದ ಹೊರಗೆ ಬೀಳುತ್ತದೆ, ಚಾರ್ಟಿನ ಗೀರುಗಳೂ ಮಸುಕಾಗುತ್ತವೆ. ಒಟ್ಟೆ ಮುಕ್ಕಾಲಿನ ತೂತಿನಲ್ಲಿ ರಬ್ಬರು ಇಣುಕದಂತೆ ನೋಡಿಕೊಳ್ಳಿ. ಮುಂದಿನ ಸೆಲ್ಫಿ ಕ್ಯಾಮೆರಾ ಬೇಡ. ಕೆಲವು ಮೊಬೈಲು ಎಡಬಲ ಅದಲುಬದಲು ಮಾಡಿ ಉಳಿಸುತ್ತವೆ, ಅಕ್ಷರ ಓದಲಾಗುವುದಿಲ್ಲ. ಮೊದಲ ಚಿತ್ರದಲ್ಲಿ ಸ್ಕೇಲು ಇರಲಿ. ನಾವು ರಸಾಯನಶಾಸ್ತ್ರದ ತಕ್ಕಡಿಯಲ್ಲಿ ಒಂದೊಂದರ ತೂಕವನ್ನೂ ನೋಡಿ ಪುಸ್ತಕದಲ್ಲಿ ಬರೆದೆವು.

ಶನಿವಾರ ಮಧ್ಯಾಹ್ನ 83 ಮುಗಿಯಿತು, ಎರಡೂ ಮಗ್ಗುಲು ಸೇರಿ 166 ಚಿತ್ರ. ನಾನು ಸ್ಟ್ಯಾಂಡು ಬಿಚ್ಚುತ್ತಿದ್ದೆ. ಹುಡುಗಿ ನಾಣ್ಯಗಳನ್ನು ಡಬ್ಬಕ್ಕೆ ತುಂಬಿಸದೆ ಸುಮ್ಮನೆ ನಿಂತಿದ್ದಳು.

“ಡಬ್ಬದ್ದು ತೆಗೆಯಲಿಲ್ಲ ಸರ್.”

ಮುಚ್ಚಳದ ಮೇಲೆ ಹೂಗೊಂಚಲಿನ ಚಿತ್ರ, ಮೇಲೆ ವಾರ್ನಿಶ್. ಯಾವ ಕಡೆಯಿಂದ ಹಿಡಿದರೂ ಕಿಟಕಿಯೇ ಹೊಳೆಯುತ್ತಿತ್ತು. ಕೊನೆಗೆ ಕಂಪ್ಯೂಟರ್ ಲ್ಯಾಬಿನ ಲ್ಯಾಪ್‌ಟಾಪ್ ತಂದು, ಪರದೆ ತುಂಬ ಖಾಲಿ ಬಿಳಿ ಪುಟ ತೆರೆದು, ಅದನ್ನೇ ದೀಪ ಮಾಡಿದೆವು. ಎಲ್‌ಸಿಡಿ ಪರದೆಯ ಬೆಳಕು ಧ್ರುವೀಕರಣಗೊಂಡಿರುತ್ತದೆ. ಬೈಕಿನಲ್ಲಿ ಹೋಗುವಾಗ ಹಾಕುವ ನನ್ನ ಪೋಲರಾಯ್ಡ್ ಕನ್ನಡಕದ ಒಂದು ಗಾಜನ್ನು ಮೊಬೈಲಿನ ಮಸೂರದ ಮುಂದೆ ಹಿಡಿದು ನಿಧಾನ ತಿರುಗಿಸಿದೆ. ವಾರ್ನಿಶ್ಶಿನಲ್ಲಿ ಪ್ರತಿಫಲಿಸಿದ ಬೆಳಕು ಧ್ರುವೀಕರಣ ಉಳಿಸಿಕೊಂಡೇ ಬರುತ್ತದೆ, ಅದನ್ನು ಕನ್ನಡಕ ತಡೆಯುತ್ತದೆ. ಕೆಳಗಿನ ಬಣ್ಣದಲ್ಲಿ ಚದುರಿದ ಬೆಳಕು ಧ್ರುವೀಕರಣ ಕಳೆದುಕೊಂಡಿರುತ್ತದೆ, ಅದು ದಾಟಿ ಬರುತ್ತದೆ. ಒಂದು ಕೋನದಲ್ಲಿ ಹೊಳಪೆಲ್ಲ ಆರಿತು. ಬಣ್ಣ ಹೋಗಿ ಬರಿಯ ತಗಡು ಉಳಿದ ಜಾಗಗಳು ಕಪ್ಪಗಾದವು. ಉಳಿದ ಕೆಂಪು, ಹಸಿರು ಎಲ್ಲ ಹೊಸತರಂತೆ ಮೇಲೆ ಬಂತು. ಮುಚ್ಚಳದ ನಡುವೆ, ಅಜ್ಜ ದಿನಾ ಹೆಬ್ಬೆರಳಿಟ್ಟು ತೆರೆಯುತ್ತಿದ್ದ ಕಡೆ, ಒಂದು ದುಂಡಗಿನ ಕಪ್ಪು ಗುರುತು.

“ಅದು ಹಾಗೇ ಇರಲಿ ಸರ್” ಎಂದಳು. ಟೈಮರ್ ಒತ್ತಿದೆ.